ಗುರಿಯನ್ನು ತುಂಡು ತುಂಡು ಮಾಡಿಟ್ಟಿದ್ದೇನೆ, ಆದರೂ ಕೆಲಸ ಮುಂದೆ ಹೋಗುತ್ತಿಲ್ಲ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಕಾರಟಗಿ ಹತ್ತಿರದ ಹಳ್ಳಿ. ಬಿ.ಎ., ಬಿ.ಇಡಿ. ಮುಗಿಸಿ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ನಾಲ್ಕು ವರ್ಷದ ಮಗ ಇದ್ದಾನೆ. ಅತ್ತೆ, ಮಾವ, ಮೈದುನ ಎಲ್ಲರೂ ಒಂದೇ ಮನೆ, ಭತ್ತದ ಗದ್ದೆ ಇದೆ. ಖಾಯಂ ಶಿಕ್ಷಕಿ ಆಗಬೇಕು ಅನ್ನೋದು ನನ್ನ ಗುರಿ. ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಎರಡು ಸಲ ಬರೆದೆ. 150 ಅಂಕಕ್ಕೆ ಮೊದಲ ಸಲ 79, ಎರಡನೇ ಸಲ 84 ಬಂತು. ನನಗೆ 90 ಬೇಕು. ಕೀ ಉತ್ತರ ತಾಳೆ ನೋಡಿದಾಗ ಶಿಶು ವಿಕಾಸ 14, ಕನ್ನಡ 24, ಇಂಗ್ಲಿಷ್ 13, ಸಮಾಜ ವಿಜ್ಞಾನ 33 ಆಗಿತ್ತು. ಆಮೇಲೆ ಒಂದು ವಿಡಿಯೋ ನೋಡಿದೆ. ದೊಡ್ಡ ಗುರಿಯನ್ನು ಸಣ್ಣ ಹೆಜ್ಜೆ ಮಾಡಿ ಬರೆದಿಡಿ, 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತೆ ಅಂದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟ ಶೇಕಡ 3 ಜನ ಉಳಿದ 97 ಜನರಿಗಿಂತ ಜಾಸ್ತಿ ದುಡ್ಡು ಮಾಡಿದರಂತೆ. ನಾನೂ ಆರು ತಿಂಗಳ ಪ್ಲಾನ್ ಬರೆದೆ. ತಿಂಗಳಿಗೆ ಒಂದು ವಿಷಯ, ವಾರಕ್ಕೆ ಎರಡು ಅಧ್ಯಾಯ, ದಿನಕ್ಕೆ ಎರಡು ತಾಸು. ಗೋಡೆಗೆ ಅಂಟಿಸಿದೆ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಮಗನಿಗೆ ಜ್ವರ. ಆಮೇಲೆ ನಾಟಿ ಶುರುವಾಗಿ ಆಳುಗಳಿಗೆ ಬುತ್ತಿ ಕಟ್ಟೋದೇ ಆಯಿತು. ಮತ್ತೆ ಒಂದನೇ ದಿನದಿಂದ ಶುರು. ಹೀಗೆ ನಾಲ್ಕು ಸಲ. ಈಗ ಆ ಹಾಳೆ ನೋಡಿದರೆ ಅಳು ಬರುತ್ತೆ, ಮೊದಲಿನ ಹುಮ್ಮಸ್ಸೂ ಇಲ್ಲ. ಇಷ್ಟು ಸಣ್ಣ ಹೆಜ್ಜೆ ಇಡಲಿಕ್ಕೂ ಆಗದವಳು ದೊಡ್ಡ ಗುರಿ ಇಟ್ಟುಕೊಳ್ಳಬಾರದಾ? ಅಥವಾ ಕೆಲಸ ಬಿಟ್ಟು ಧಾರವಾಡಕ್ಕೆ ಕೋಚಿಂಗ್‌ಗೆ ಹೋಗಲಾ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಲೆಕ್ಕ ಬರೆಯುತ್ತಾ ಓದಿದೆ. ಎಲ್ಲರೂ ಹೇಳುವ ಹಾಗೆ ಗುರಿಯನ್ನು ಸಣ್ಣದು ಮಾಡಿಕೊಂಡೆ, ಆದರೂ ಆಗಲಿಲ್ಲ, ಹಾಗಾದರೆ ತಪ್ಪು ನನ್ನದೇ ಇರಬೇಕು ಅನ್ನುವುದು ನಿಮ್ಮ ಆತಂಕ. ಬಳ್ಳಾರಿಯಲ್ಲಿ ಆಪ್ತಸಮಾಲೋಚಕಿಯಾಗಿ ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಹೇಳಿದವರಲ್ಲಿ ಸೋಮಾರಿಗಳನ್ನು ನಾನು ಕಂಡದ್ದು ತೀರಾ ಕಡಿಮೆ. ಬಿಟ್ಟುಹೋದ ಕೆಲಸವನ್ನು ನಾಲ್ಕು ಸಲ ಹೊಸದಾಗಿ ಹಿಡಿಯಲು ಎಷ್ಟು ಗಟ್ಟಿ ಮನಸ್ಸು ಬೇಕು ಗೊತ್ತಾ?

ನೀವು ತುಂಡು ಮಾಡಿದ್ದು ಸರಿ. ತುಂಡು ಮಾಡಿದ ರೀತಿ ಸರಿ ಇಲ್ಲ. ಅದಕ್ಕೆ ಬರುವ ಮೊದಲು ಆ ವಿಡಿಯೋದ ಮಾತುಗಳನ್ನು ನೋಡಿಬಿಡೋಣ, ಏಕೆಂದರೆ ನಿಮ್ಮ ಅಳುವಿನಲ್ಲಿ ಅವುಗಳ ಪಾಲೂ ಇದೆ.

21 ದಿನದ ಲೆಕ್ಕ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದು ಅನ್ನಿಸಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕನಿಷ್ಠ' ಬಿದ್ದುಹೋಯಿತು, ಮುಖದ ಮಾತು ಹೋಗಿ ಅಭ್ಯಾಸದ ಮಾತು ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಇಟ್ಟುಕೊಂಡು ಇದನ್ನು ಅಳೆದು ನೋಡಿದರು. ಊಟದ ಜೊತೆ ಹಣ್ಣು ತಿನ್ನುವುದು, ಸ್ವಲ್ಪ ಓಡುವುದು, ಇಂಥ ಸಾದಾ ಅಭ್ಯಾಸಗಳು. 2009ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಅಭ್ಯಾಸ ಕೂರಲು ಸುಮಾರಾಗಿ 66 ದಿನ ಹಿಡಿಯಿತು. ಬೇಗ ಆದವರಿಗೆ 18 ದಿನ, ತಡವಾಗುವವರಿಗೆ ಅಂದಾಜು 254 ದಿನ. ನಿಮಗೆ ಬೇಕಾದ ಮಾತು ಮುಂದಿದೆ: ನಡುವೆ ಒಂದು ದಿನ ತಪ್ಪಿದ್ದಕ್ಕೆ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಮಗನ ಜ್ವರ ಇಳಿದ ಮೇಲೆ ನೀವು ಹತ್ತನೇ ದಿನದಿಂದಲೇ ಮುಂದುವರಿಯಬಹುದಿತ್ತು. ಒಂಬತ್ತು ದಿನ ಓದಿದ್ದು ಎಲ್ಲೂ ಹೋಗಿರಲಿಲ್ಲ.

ಯೇಲ್‌ನ ಕತೆಯನ್ನು ಮನಸ್ಸಿನಿಂದ ತೆಗೆದುಹಾಕಿ. ಅಂಥ ಅಧ್ಯಯನ ನಡೆದೇ ಇಲ್ಲ. ಪತ್ರಕರ್ತರು ಬೆನ್ನು ಹತ್ತಿ ಹೋದಾಗ ಅದರ ಸುಳಿವೇ ಸಿಗಲಿಲ್ಲ. ಬರೆದಿಡುವುದು ಒಳ್ಳೆಯದೇ, ನಾನೂ ಬರೆಸುತ್ತೇನೆ. ಆದರೆ ಬರೆದ ಮಾತ್ರಕ್ಕೆ ಯಾವುದೂ ಆಗಿಬಿಡುವುದಿಲ್ಲ.

ಹುಮ್ಮಸ್ಸಿನ ವಿಷಯವೂ ಹಾಗೇ. ಮನಸ್ಸು ಬಂದ ಮೇಲೆ ಓದೋಣ ಅಂತ ಕಾಯುತ್ತೇವೆ. ನನ್ನ ಅನುಭವದಲ್ಲಿ ಅದು ಬಹಳ ಸಲ ಹಿಂದುಮುಂದು. ಹತ್ತು ನಿಮಿಷ ಕೂತು ಒಂದು ಪ್ರಶ್ನೆ ಸರಿ ಬಂದ ಮೇಲೆ ಮನಸ್ಸು ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತದೆ.

ಈಗ ನಿಮ್ಮ ಪ್ಲಾನ್. ದಿನಕ್ಕೆ ಎರಡು ತಾಸು ಅಂತ ಬರೆದಾಗ ನಿಮ್ಮ ಕಣ್ಣ ಮುಂದೆ ಇದ್ದ ಆ ದಿನ ಯಾವುದು? ಮಗನಿಗೆ ನೆಗಡಿ ಇಲ್ಲದ, ನಳದ ನೀರು ಹೊತ್ತಿಗೆ ಸರಿಯಾಗಿ ಬಂದ, ನೆಂಟರು ಬರದ, ಕರೆಂಟ್ ಹೋಗದ ದಿನ. ಅಂಥ ದಿನ ವಾರಕ್ಕೆ ಒಂದು ಬಂದರೆ ಹೆಚ್ಚು. ಇದು ನಿಮ್ಮೊಬ್ಬರ ತಪ್ಪೂ ಅಲ್ಲ. ಕೆನಡಾದ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಕೊನೆಯ ಪ್ರಬಂಧ ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ 34 ದಿನ ಅಂದರು. ಆಗಿದ್ದು ಸುಮಾರು 55 ದಿನ. ಹಿಂದೆ ಎಷ್ಟು ಸಲ ತಡ ಆಗಿದ್ದರೂ, ಮುಂದಿನದನ್ನು ಲೆಕ್ಕ ಹಾಕುವಾಗ ಮನುಷ್ಯ ಎಲ್ಲ ಸರಿ ಹೋಗುತ್ತದೆ ಎಂದೇ ಹಿಡಿಯುತ್ತಾನೆ.

ಇಲ್ಲಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುವ ಹುಡುಗ ಒಬ್ಬ ನನ್ನ ಹತ್ತಿರ ಬಂದಿದ್ದ. ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ. ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದ ಟೈಂಟೇಬಲ್ ಬಿಚ್ಚಿ ಮೇಜಿನ ಮೇಲೆ ಹರಡಿದ. ಬೆಳಿಗ್ಗೆ 4.30ರಿಂದ ರಾತ್ರಿ 11ರವರೆಗೆ ಒಂದು ಖಾನೆಯೂ ಖಾಲಿ ಇರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ, "ನಿನ್ನೆ ಏನು ಮಾಡಿದಿ, ಅದನ್ನ ಬರಿಯಪ್ಪ" ಅಂದೆ. ಬಹಳ ಹೊತ್ತು ಪೆನ್ ಹಿಡಿದು ಕೂತ. ಕೊನೆಗೆ ಬರೆದದ್ದರಲ್ಲಿ ಅವನದೇ ಅನ್ನುವ ಹೊತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ, ಸಂಜೆ ಸ್ನಾನ ಆದ ಮೇಲೆ ಇಪ್ಪತ್ತು ನಿಮಿಷ. ಆ ನಲವತ್ತು ನಿಮಿಷಕ್ಕೆ ಮಾತ್ರ ಕೆಲಸ ಹೊಂದಿಸಿದೆವು. ಬಣ್ಣದ ಹಾಳೆಯನ್ನು ಅವನೇ ಮಡಿಚಿ ಜೇಬಿಗೆ ಹಾಕಿಕೊಂಡ. ನೀವೂ ಮೊದಲು ಮೂರು ದಿನ ಪ್ಲಾನ್ ಮಾಡಬೇಡಿ. ಆ ಮೂರು ದಿನ ಹೇಗೆ ಕಳೆಯಿತು ಅಂತ ರಾತ್ರಿ ಸುಮ್ನೆ ಬರೆದಿಡಿ, ಅಷ್ಟೇ.

ಇನ್ನು ತುಂಡು ಮಾಡುವ ರೀತಿ. ಕಾರಟಗಿ ಕಡೆಯವರು ನೀವು, ನಿಮ್ಮ ಭಾಗದ ಗದ್ದೆಗಳಿಗೆ ನೀರು ಬರುವುದು ತುಂಗಭದ್ರಾ ಎಡದಂಡೆ ನಾಲೆಯಿಂದ. 2024ರ ಆಗಸ್ಟ್ 10ರ ರಾತ್ರಿ ನಿಮ್ಮ ಮನೆಯಲ್ಲೂ ಯಾರೂ ಮಲಗಿರಲಿಕ್ಕಿಲ್ಲ. ಡ್ಯಾಂನ 33 ಗೇಟುಗಳಲ್ಲಿ 19ನೆಯದರ ಚೈನು ಕಿತ್ತು ಗೇಟು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿ ತೆರೆದುಕೊಂಡಿತು. ಹಾಗೆ ಭೋರ್ಗರೆಯುವ ನೀರಿಗೆ ಅಷ್ಟು ದೊಡ್ಡ ಗೇಟನ್ನು ಒಂದೇ ಸಲ ಇಳಿಸಲು ಆಗುವುದಿಲ್ಲ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಅನ್ನು, ಅಂದರೆ ಗೇಟಿನ ಬದಲು ನೀರು ತಡೆಯಲು ಇಳಿಸುವ ತಾತ್ಕಾಲಿಕ ಅಡ್ಡವನ್ನು, ಐದು ತುಂಡು ಮಾಡಿ ಒಂದರ ಮೇಲೊಂದು ಇಳಿಸಿದರು. ಆಗಸ್ಟ್ 17ಕ್ಕೆ ಐದೂ ಕೂತವು. ನಾವೆಲ್ಲ ಟಿವಿ ಮುಂದೆ ಉಸಿರು ಹಿಡಿದು ಕೂತಿದ್ದೆವು.

ಆ ತುಂಡುಗಳನ್ನು ಹೇಗೆ ಮಾಡಿದ್ದರು ನೆನಪಿಸಿಕೊಳ್ಳಿ. ಅಡ್ಡಡ್ಡ. ಒಂದೊಂದರ ಎತ್ತರ ಕಡಿಮೆ, ಆದರೆ ಅಗಲ ಪೂರ್ತಿ, ಈ ಕಂಬದಿಂದ ಆ ಕಂಬದವರೆಗೆ. ಎರಡೂ ಬದಿಯ ಕಚ್ಚಿನಲ್ಲಿ ಕೂತಿದ್ದರಿಂದ ಒಂದೊಂದು ತುಂಡೂ ನೀರಿನ ಹೊಡೆತಕ್ಕೆ ತಾನೇ ನಿಂತಿತು. ಅದೇ ಗೇಟನ್ನು ಉದ್ದುದ್ದ ಸೀಳಿ ಇಳಿಸಿದ್ದರೆ ಆಸರೆ ಇಲ್ಲದೆ ಪಟ್ಟಿ ಪಟ್ಟಿಯಾಗಿ ಕೊಚ್ಚಿಕೊಂಡು ಹೋಗುತ್ತಿತ್ತು.

ನಿಮ್ಮ ಪ್ಲಾನ್ ಉದ್ದುದ್ದ ಸೀಳಿದ್ದು. ಒಂದು ತಿಂಗಳು ಶಿಶು ವಿಕಾಸ, ಮುಂದಿನ ತಿಂಗಳು ಇಂಗ್ಲಿಷ್, ಎಲ್ಲ ಓದಿಯಾದ ಮೇಲೆ ಪ್ರಶ್ನೆಪತ್ರಿಕೆ ಬಿಡಿಸುವುದು ಅಲ್ವಾ? ಹತ್ತನೇ ದಿನಕ್ಕೆ ಜ್ವರ ಬಂದಾಗ ನಿಮ್ಮ ಕೈಯಲ್ಲಿ ಇದ್ದದ್ದು ಅರ್ಧ ಓದಿದ ಅಧ್ಯಾಯ, ಒಂದೂ ಬಿಡಿಸದ ಪ್ರಶ್ನೆ. ಅದು ನಿಲ್ಲುವುದಾದರೂ ಹೇಗೆ? ಒಂದು ಹೆಜ್ಜೆ ಅಂದರೆ ಒಂದೇ ಕೂತಿನಲ್ಲಿ ಈ ಕಂಬದಿಂದ ಆ ಕಂಬಕ್ಕೆ ಮುಟ್ಟಬೇಕು: ಒಂದು ಚಿಕ್ಕ ವಿಷಯ, ಎರಡು ಪುಟ ಓದು, ಪುಸ್ತಕ ಮುಚ್ಚಿ ಐದು ಪ್ರಶ್ನೆ, ಉತ್ತರ ತಾಳೆ. ಇಪ್ಪತ್ತೈದು ನಿಮಿಷ. ಅದಾದ ಮೇಲೆ ನಾಳೆ ಜ್ವರ ಬರಲಿ, ನೆಂಟರು ಬರಲಿ, ಆ ತುಂಡು ಕೂತಾಗಿದೆ.

ಪುಸ್ತಕ ಮುಚ್ಚಿ ಅನ್ನುವುದನ್ನು ಬಿಡಬೇಡಿ. ಓದಿದ್ದನ್ನೇ ಮತ್ತೆ ಮತ್ತೆ ಓದುವವರಿಗಿಂತ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಜಾಸ್ತಿ ಉಳಿದಿರುತ್ತದೆ ಎಂದು 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದ್ದಾರೆ. ಮತ್ತೆ ಮತ್ತೆ ಓದಿದಾಗ ಎಲ್ಲ ಬಂದಂತೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಕೊಡುತ್ತದೆ.

ಇಷ್ಟು ಚಿಕ್ಕದರಿಂದ ಏನಾದೀತು ಅನ್ನಿಸಬಹುದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಡೇಲ್ ಶುಂಕ್ 1981ರಲ್ಲಿ ಲೆಕ್ಕದಲ್ಲಿ ಬಹಳ ಹಿಂದಿದ್ದ ಮಕ್ಕಳಿಗೆ 42 ಪುಟದ ಅಭ್ಯಾಸ ಕೊಟ್ಟು ನೋಡಿದರು. ಒಂದು ಗುಂಪಿಗೆ ಏಳು ದಿನದಲ್ಲಿ 42 ಪುಟ ಮುಗಿಸಿ ಅಂದರು. ಇನ್ನೊಂದು ಗುಂಪಿಗೆ ದಿನಕ್ಕೆ ಆರು ಪುಟ ಅಂದರು. ಒಟ್ಟು ಕೆಲಸ ಒಂದೇ. ದಿನಕ್ಕೆ ಆರು ಪುಟದ ಮಕ್ಕಳು ಲೆಕ್ಕವನ್ನು ಚೆನ್ನಾಗಿ ಕಲಿತರು, ನನಗೆ ಆಗುತ್ತೆ ಅನ್ನುವ ಧೈರ್ಯ ಅವರಲ್ಲಿ ಬಂತು, ಯಾರೂ ಹೇಳದಿದ್ದರೂ ಲೆಕ್ಕ ಬಿಡಿಸುವ ಆಸೆ ಹುಟ್ಟಿತು. ನಿಮಗೆ ಈಗ ಬೇಕಾಗಿರುವುದು ಆ ಧೈರ್ಯ.

ಈಗ ನಾನು ಬರೆದ ಲೆಕ್ಕ ಹೇಳುತ್ತೇನೆ. 'ಸರ್ಕಾರಿ ಶಿಕ್ಷಕಿ ಆಗಬೇಕು' ಅನ್ನುವುದರಲ್ಲಿ ನಿಮ್ಮ ಕೈಯಲ್ಲಿ ಇರುವುದೂ ಇದೆ, ಇಲ್ಲದ್ದೂ ಇದೆ. ನೇಮಕಾತಿ ಅಧಿಸೂಚನೆ ಯಾವಾಗ ಬರುತ್ತದೆ, ಎಷ್ಟು ಹುದ್ದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ದಿನವೂ ಸುದ್ದಿ ಹುಡುಕಿ ಸುಸ್ತಾಗಬೇಡಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಲ್ಲಿ ಸಿಗುವ ಮೀಸಲಾತಿಯ ಪ್ರಮಾಣಪತ್ರ ಮಾಡಿಸಿಲ್ಲದಿದ್ದರೆ ಒಂದು ದಿನ ಹೋಗಿ ಅರ್ಜಿ ಕೊಟ್ಟುಬನ್ನಿ. ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇಕಡ 80 ನಮ್ಮವರಿಗೇ ಮೀಸಲು. ಉಳಿದದ್ದು ಟಿಇಟಿ. ಅದು ಪೂರ್ತಿ ನಿಮ್ಮ ಕೈಯಲ್ಲಿದೆ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಏಳು ವರ್ಷದ ಮಿತಿಯನ್ನು 2021ರಲ್ಲೇ ತೆಗೆದರು.

ಟಿಇಟಿಗೆ ನಿಮಗೆ ಬೇಕಾಗಿರುವುದು ಇನ್ನು ಆರು ಅಂಕ. ಆರು ತಿಂಗಳ ಪ್ಲಾನ್‌ನಲ್ಲಿ ನೀವು 150 ಅಂಕವನ್ನೂ ಮೊದಲಿನಿಂದ ಓದಲು ಹೊರಟಿದ್ದಿರಿ. ಕನ್ನಡದಲ್ಲಿ 30ಕ್ಕೆ 24 ಬಂದಿದೆ, ಅದಕ್ಕೆ ಒಂದು ತಿಂಗಳು ಯಾಕೆ? ಸಮಾಜ ವಿಜ್ಞಾನ 60ಕ್ಕೆ 33, ಅದು ಜಾರದಂತೆ ನೋಡಿಕೊಂಡರೆ ಸಾಕು. ಇಂಗ್ಲಿಷ್ 13ರಿಂದ 18ಕ್ಕೆ, ಶಿಶು ವಿಕಾಸ 14ರಿಂದ 20ಕ್ಕೆ ಬಂದರೆ ಒಟ್ಟು 95 ಆಗುತ್ತದೆ. ಪರೀಕ್ಷೆಯ ದಿನ ತಲೆನೋವು ಬಂದು ನಾಲ್ಕು ಅಂಕ ಹೋದರೂ ಪಾಸು. ವಾರಕ್ಕೆ ಐದು ಕೂತು, ಅಂದರೆ ಐದು ಸಲ ಹಾಗೆ ಇಪ್ಪತ್ತೈದು ನಿಮಿಷ ಕೂರುವುದು, ಸಾಕು: ಶಿಶು ವಿಕಾಸಕ್ಕೆ ಎರಡು, ಇಂಗ್ಲಿಷಿಗೆ ಎರಡು, ಸಮಾಜ ವಿಜ್ಞಾನಕ್ಕೆ ಒಂದು. ಉಳಿದ ಎರಡು ದಿನ ಮನೆಗೆ, ಜ್ವರಕ್ಕೆ, ಜಾತ್ರೆಗೆ.

ಯಾವ ಹೊತ್ತು ಅನ್ನುವುದನ್ನು ಗಡಿಯಾರಕ್ಕೆ ಕಟ್ಟಬೇಡಿ. ಹಳ್ಳಿ ಮನೆಯಲ್ಲಿ ರಾತ್ರಿ 8 ಗಂಟೆ ಅನ್ನುವುದು ದಿನಕ್ಕೊಂದು ಥರ ಇರುತ್ತದೆ. ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. "ರಾತ್ರಿ ಊಟದ ತಾಟು ತೊಳೆದಿಟ್ಟ ಮೇಲೆ ಪಡಸಾಲೆಯಲ್ಲಿ ಕೂತು ಐದು ಪ್ರಶ್ನೆ ಮಾಡುತ್ತೇನೆ." ಹೀಗೆ ಹೊತ್ತು, ಜಾಗ, ಕೆಲಸ ಮೂರನ್ನೂ ಸೇರಿಸಿ ಹೇಳಿಕೊಂಡವರು, ಬರೀ 'ಓದಬೇಕು' ಅಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಜೊತೆಗಾರರು ತೋರಿಸಿದ್ದಾರೆ. ನಾನೂ ಕಂಡಿದ್ದೇನೆ.

ಆದರೆ ಆ ಇಪ್ಪತ್ತೈದು ನಿಮಿಷ ನಿಮ್ಮದಾಗಬೇಕಲ್ಲ. ಸೊಸೆಯಂದಿರ ಪ್ಲಾನ್ ಬಹಳಷ್ಟು ಸಲ ಮುರಿಯುವುದು ಇಲ್ಲಿ, ಪುಸ್ತಕದಲ್ಲಿ ಅಲ್ಲ. "ನನಗೆ ಓದಲು ಬಿಡಿ" ಅಂದರೆ ಎಷ್ಟು ಹೊತ್ತು, ಎಲ್ಲಿಯವರೆಗೆ ಅಂತ ಯಾರಿಗೂ ತಿಳಿಯುವುದಿಲ್ಲ. ಕೇಳಿದವರಿಗೆ ಅದೊಂದು ದೊಡ್ಡ ಭಾರದಂತೆ ಕಾಣುತ್ತದೆ. ಅತ್ತೆಯವರ ಹತ್ತಿರ, ನಿಮ್ಮ ಮನೆಯವರ ಹತ್ತಿರ ಅಳತೆ ಹೇಳಿ ಕೇಳಿ: "ವಾರಕ್ಕೆ ಐದು ರಾತ್ರಿ, ಊಟ ಆದ ಮೇಲೆ ಇಪ್ಪತ್ತೈದು ನಿಮಿಷ ಇವನನ್ನು ನೋಡಿಕೊಳ್ಳಿ. ಇನ್ನು ಆರು ಅಂಕ ಬೇಕು." ಆರು ಅಂಕ ಅನ್ನುವುದು ಅವರಿಗೂ ಅರ್ಥ ಆಗುತ್ತದೆ.

ನಾಟಿ, ಕೊಯ್ಲು ಬಂದಾಗ ಈ ಕೂತುಗಳೂ ನಡೆಯುವುದಿಲ್ಲ. ಅದನ್ನು ಈಗಲೇ ಬರೆದಿಡಿ. ಆ ದಿನಗಳಲ್ಲಿ ಐದು ಪ್ರಶ್ನೆ ಬರೆದ ಚೀಟಿ ಒಂದು ಸಾಕು. ಬುತ್ತಿ ಗಂಟು ಹೊತ್ತು ಬದುವಿನ ಮೇಲೆ ಹೋಗುವಾಗ ನೆನಪಿಸಿಕೊಳ್ಳಿ. ಅದೂ ಆಗದಿದ್ದರೆ ಬಿಡಿ. ಮೊದಲೇ ಲೆಕ್ಕಕ್ಕೆ ಹಿಡಿದ ರಜೆ ಮನಸ್ಸನ್ನು ಚುಚ್ಚುವುದಿಲ್ಲ.

ಈ ದಾರಿಯಲ್ಲೂ ಅಪಾಯ ಇದೆ. ಚಿಕ್ಕ ಹೆಜ್ಜೆ ಅಂತ ಸುಲಭದ್ದನ್ನೇ ಮಾಡುತ್ತಾ ಹೋಗುವ ಆಸೆ ಬರುತ್ತದೆ. ಇಂಗ್ಲಿಷ್ ದಿನ ಕನ್ನಡ ಪುಸ್ತಕಕ್ಕೆ ಕೈ ಹೋಗುತ್ತದೆ. ನೋಟ್ಸಿಗೆ ಗೆರೆ ಎಳೆಯುವುದೇ ಓದು ಅನ್ನಿಸುತ್ತದೆ. ಅದಕ್ಕೇ ನಿಮಿಷ ಎಣಿಸಬೇಡಿ, ಬಿಡಿಸಿದ ಪ್ರಶ್ನೆ ಎಣಿಸಿ. ಇನ್ನೊಂದು, ಇಪ್ಪತ್ತೈದು ನಿಮಿಷದ ಅಭ್ಯಾಸ ಎರಡೂವರೆ ತಾಸಿನ ಪರೀಕ್ಷೆಗೆ ಮೈ ಹದ ಮಾಡುವುದಿಲ್ಲ. ತಿಂಗಳಿಗೆ ಎರಡು ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಪೂರ್ತಿ ಕೂತು ಬಿಡಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಮೊದಲ ಎರಡು ಮೂರು ಪತ್ರಿಕೆಯಲ್ಲಿ ಅಂಕ ಏರದಿದ್ದರೆ ಗಾಬರಿ ಬೇಡ. ಡ್ಯಾಂನಲ್ಲಿ ಮೊದಲ ತುಂಡು ಇಳಿದಾಗಲೂ ಮೇಲಿನಿಂದ ನೀರು ಹರಿಯುತ್ತಲೇ ಇತ್ತು. ಅದು ಕೆಳಗೆ, ನೀರಿನೊಳಗೆ ಕೂತಿತ್ತು.

ಧಾರವಾಡದ ಮಾತು. ಕೋಚಿಂಗ್ ಕೆಟ್ಟದ್ದಲ್ಲ, ಅಲ್ಲಿ ಓದುವ ವಾತಾವರಣ ಸಿಗುತ್ತದೆ. ಆದರೆ ಆರು ಅಂಕಕ್ಕೆ ಅತಿಥಿ ಶಿಕ್ಷಕಿಯ ಕೆಲಸ ಬಿಟ್ಟು, ಮಗನನ್ನು ಬಿಟ್ಟು, ಸಾಲ ಮಾಡಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಅವರೂ 150 ಅಂಕವನ್ನು ಮೊದಲಿನಿಂದ ಹೇಳಿಕೊಡುತ್ತಾರೆ. ಮೇಲಾಗಿ, ಇಷ್ಟೆಲ್ಲ ಕಳೆದುಕೊಂಡು ಬಂದಿದ್ದೇನೆ ಅನ್ನುವ ಭಾರ ಹೊತ್ತು ಪರೀಕ್ಷೆಗೆ ಕೂರುವುದು ಬಹಳ ಕಷ್ಟ. ಟಿಇಟಿ ಮುಗಿದು, ನೇಮಕಾತಿಯ ಅಧಿಸೂಚನೆ ಬಂದು, ಪರೀಕ್ಷೆಯ ದಿನ ಗೊತ್ತಾದ ಮೇಲೆ ಒಂದೆರಡು ತಿಂಗಳ ತರಬೇತಿ ಬೇಕು ಅನ್ನಿಸಿದರೆ ಆಗ ಮನೆಯಲ್ಲಿ ಕೂತು ಮಾತಾಡಿ.

ಈ ವರ್ಷ ಪರೀಕ್ಷೆಯೇ ಬೇಡ ಅನ್ನುವ ದಾರಿಯೂ ಇದೆ. ಮಗ ಶಾಲೆಗೆ ಸೇರುವವರೆಗೆ ಬಿಡುವುದರಲ್ಲಿ ಅವಮಾನ ಏನಿಲ್ಲ. ಓದಿದ್ದು ಮಾಸುತ್ತದೆ, ಮತ್ತೆ ಹಿಡಿಯಲು ಹೆಚ್ಚು ದಿನ ಬೇಕಾಗುತ್ತದೆ, ಅದು ಅದರ ಬೆಲೆ. ನಿಮ್ಮ ಪತ್ರ ನೋಡಿದರೆ ನಿಮಗೆ ಬಿಡುವ ಮನಸ್ಸಿಲ್ಲ ಅನ್ನಿಸಿತು.

ಒಂದು ವಿಷಯ ಮಾತ್ರ ತಡ ಮಾಡಬೇಡಿ. ಹಾಳೆ ನೋಡಿದರೆ ಅಳು ಬರುತ್ತೆ ಅಂದಿದ್ದೀರಿ. ಹಾಳೆ ನೋಡದಿದ್ದಾಗಲೂ ಅಳು ಬರುತ್ತಿದ್ದರೆ, ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಊಟ ಕೆಟ್ಟಿದ್ದರೆ, ಮಗನ ಜೊತೆ ಆಡುವುದೂ ಬೇಡ ಅನ್ನಿಸುತ್ತಿದ್ದರೆ, ಅದು ಓದಿನ ತೊಂದರೆ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗೋಡೆಯ ಹಾಳೆಯನ್ನು ಇವತ್ತೇ ತೆಗೆದುಬಿಡಿ. ನಾಲ್ಕನೇ ದಿನ ರಾತ್ರಿ ಮೊದಲ ಕೂತು. ಶಿಶು ವಿಕಾಸದಲ್ಲಿ ಮಕ್ಕಳ ಯೋಚನೆ ಬೆಳೆಯುವ ಬಗ್ಗೆ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ನಾಲ್ಕು ಹಂತಗಳಿವೆಯಲ್ಲ, ಅದರಲ್ಲಿ ಎರಡರಿಂದ ಏಳು ವರ್ಷದ ಹಂತ ಒಂದನ್ನೇ ತೆಗೆದುಕೊಳ್ಳಿ. ಆ ಹಂತದ ಮಗು ನಿಮ್ಮ ಮನೆಯಲ್ಲೇ ಇದೆ. ಅಡುಗೆಮನೆಯಲ್ಲಿ ಒಂದೇ ಅಳತೆಯ ಎರಡು ಅಗಲ ಬಟ್ಟಲಿಗೆ ಸಮ ಸಮ ನೀರು ಹಾಕಿ ಮಗನಿಗೆ ತೋರಿಸಿ. ಅವನ ಕಣ್ಣೆದುರೇ ಒಂದರ ನೀರನ್ನು ಉದ್ದ ಲೋಟಕ್ಕೆ ಸುರಿದು, ಯಾವುದರಲ್ಲಿ ಜಾಸ್ತಿ ಐತಿ ಅಂತ ಕೇಳಿ. ಅವನು ಬಹುಶಃ ಉದ್ದ ಲೋಟವನ್ನೇ ತೋರಿಸುತ್ತಾನೆ. ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದು, ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಅವನು ಹಾಗೆ ಯಾಕೆ ಅಂದ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಆಮೇಲೆ ಐದು ಪ್ರಶ್ನೆ.